ಭರಣಿಯ ಮೇಲಿನ ಹತ್ತನೆಯ ಹಾಡು

ನನ್ನ ನಾದಿನಿ ಗಂಗಕ್ಕ ಪ್ರತಿ ಬೇಸಿಗೆಗೆ ಉಪ್ಪಿನಬೆಟಗೇರಿಯಿಂದ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಗೆ ಬರುತ್ತಾಳೆ. ಬಂದವಳು ಹದಿನೈದು ದಿನ ಇದ್ದು ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಹಾಕಿಕೊಟ್ಟು, ನನ್ನ ಅಡುಗೆಮನೆಯ ಪ್ರತಿ ಡಬ್ಬಿಯ ಜಾಗ ಬದಲಾಯಿಸಿ, ನನಗೇನೂ ಬರುವುದಿಲ್ಲವೆಂದು ಇನ್ನೊಮ್ಮೆ ಸಾಬೀತು ಮಾಡಿ ಹೋಗುತ್ತಾಳೆ. ಈ ಸಲ ಒಂದು ಮುಂಜಾನೆ ಕಾಫಿಗೆಂದು ಒಳಗೆ ಹೋಗಿ ನೋಡುತ್ತೇನೆ, ಮಾವಿನಕಾಯಿ ಭರಣಿಯ ಬಾಯಿಯ ಮೇಲೆ ನನ್ನ ಲಾಂಗ್ ಪ್ಲೇ ರೆಕಾರ್ಡು ಮುಚ್ಚಳವಾಗಿ ಕೂತಿದೆ.

“ಅಟ್ಟದ ಮ್ಯಾಲೆ ಸಿಕ್ತರಿ ವೈನಿ. ಭರಣಿ ಬಾಯಿ ಅಳತಿ ತಗೊಂಡ ಮಾಡಿದಂಗ ಐತಿ. ಉಪ್ಪಿನಕಾಯಿ ಉಸರಾಡ್ಲಿ ಅಂತ ನಡುವ ಒಂದು ತೂತೂ ಬಿಟ್ಟಾರ ನೋಡ್ರಿ.”

ರೆಕಾರ್ಡನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದೆ. ಎಣ್ಣೆ ಹೋಯಿತು. ನಡುವಿನ ಹಳೆಯ ಗಾಯ ಮಾತ್ರ ಹಾಗೆಯೇ ಇತ್ತು: ಲೇಬಲಿನ ಸುತ್ತ ಬಳೆಯಷ್ಟು ದುಂಡಗೆ, ಕರಗಿ ಗಟ್ಟಿಯಾದ ಒಂದು ಉಂಗುರ. ಅದು ಗಂಗಕ್ಕನ ಕೆಲಸವಲ್ಲ, ನನ್ನ ಕೆಲಸ. ಸರಿಯಾಗಿ ಹೇಳಬೇಕೆಂದರೆ ನನ್ನದೂ ನಮ್ಮ ಅವ್ವನದೂ ಜಂಟಿ ಕೆಲಸ.

ಆ ರೆಕಾರ್ಡು ಮಾಡಿದ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಈ ಪುಟವನ್ನು ಅರ್ಧಕ್ಕೆ ಬಿಟ್ಟು ಫೋನಿನಲ್ಲಿ ಹುಡುಕುತ್ತೀರಿ, ಕೊನೆಯ ಹಾಡನ್ನು ನನಗಿಂತ ಮೊದಲು ಕೇಳಿ ಮುಗಿಸುತ್ತೀರಿ. ನಾನು ಅದಕ್ಕಾಗಿ ಐವತ್ತು ವರ್ಷ ಕಾದಿದ್ದೇನೆ. ನೀವು ಎರಡು ಪುಟ ಕಾಯಿರಿ.

ನಮ್ಮ ಅಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ಮನೆಯಲ್ಲಿ ಒಂದು ರೇಡಿಯೋಗ್ರಾಮ್ ಇತ್ತು. ಮೇಲೆ ರೇಡಿಯೋ, ಮುಚ್ಚಳ ಎತ್ತಿದರೆ ಒಳಗೆ ಪ್ಲೇಯರ್, ಉದ್ದ ಎಷ್ಟೆಂದರೆ ಅದರ ಮೇಲೆ ಅಜ್ಜಿ ಮಧ್ಯಾಹ್ನ ಶಾವಿಗೆ ಒಣಹಾಕುತ್ತಿದ್ದಳು. ಅಪ್ಪ ಅದರಲ್ಲಿ ನಾಟಕದ ಹಾಡುಗಳನ್ನೂ ವಚನಗಳನ್ನೂ ಹಾಕುತ್ತಿದ್ದರು, ಪೇಟೆಧಾರಣೆಯ ಹೊತ್ತಿಗೆ ಮಾತ್ರ ಅದು ರೇಡಿಯೋ ಆಗಲೇಬೇಕು. ನನ್ನ ಕ್ಲಾಸ್‌ಮೇಟ್ ಡೋರೀನ್‌ಳ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಅವಳ ಡ್ಯಾಡಿ ರೈಲ್ವೆಯಲ್ಲಿ ಇಂಜಿನ್ ಡ್ರೈವರ್, ಮನೆ ರೈಲ್ವೆ ಕ್ವಾರ್ಟರ್ಸ್. ಮುಂಬಯಿಯ ಕಸಿನ್ ಒಬ್ಬ ಅವಳಿಗೆ ಈ ರೆಕಾರ್ಡು ಕಳಿಸಿದಾಗ ಅವಳು ಅದನ್ನು ಫ್ರಾಕಿನ ಮುಂದೆ ಎದೆಗವಚಿಕೊಂಡು ಸೀದಾ ನಮ್ಮ ಮನೆಗೆ ಬಂದಳು.

ಇಡೀ ರೆಕಾರ್ಡು ಒಂದೇ ಕಥೆ. ಒಂದು ಹುಡುಗಿ ಅಪ್ಪನೊಂದಿಗೆ ಜಗಳವಾಡಿ ಟ್ರಂಕ್ ಹಿಡಿದುಕೊಂಡು ಊರು ಬಿಡುತ್ತಾಳೆ, ದೊಡ್ಡ ಶಹರದಲ್ಲಿ ಹಾಡುತ್ತಾಳೆ, ಹೆಸರು ಮಾಡುತ್ತಾಳೆ, ಹೆಸರು ಕಳೆದುಕೊಳ್ಳುತ್ತಾಳೆ. ಐದು ಹಾಡು ಈ ಕಡೆ, ಐದು ಹಾಡು ಆ ಕಡೆ. ಗಿಟಾರು ಕಿರುಚುವಾಗ ಅಪ್ಪ ಪಡಸಾಲೆಯಿಂದ ಯಾರೋ ಡಬ್ಬಿ ಬಡಿಯುತ್ತಿದ್ದಾರಲ್ಲ, ನೀರು ಬಂತೇನು ಎಂದು ಕೇಳಿದರು. ನಾವಿಬ್ಬರೂ ಉಸಿರು ಹಿಡಿದು ಮೊದಲ ಐದು ಕೇಳಿದೆವು. ಅಷ್ಟರಲ್ಲಿ ಪೇಟೆಧಾರಣೆಯ ಹೊತ್ತಾಯಿತು. ಅಪ್ಪ ಬಂದು ನಿಂತರು. ರೆಕಾರ್ಡನ್ನು ತೆಗೆದು, ಆಮೇಲೆ ಹಾಕಬೇಕಾದ ಎರಡನೆಯ ಬದಿ ಮೇಲಕ್ಕೆ ಬರುವಂತೆ ಟೇಬಲ್ಲಿನ ಮೇಲಿಟ್ಟೆವು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ತಿಂಗಳು ಕಾನ್ವೆಂಟ್ ಶಾಲೆಯಲ್ಲಿ ನಮಗೆ ಸಿಸ್ಟರ್ ಒಬ್ಬರು ಎಟಿಕೆಟ್ ಕಲಿಸುತ್ತಿದ್ದರು. ಬಿಸಿ ಕಪ್ಪನ್ನು ಬರೀ ಟೇಬಲ್ಲಿನ ಮೇಲೆ ಇಡುವುದು ಅನಾಗರಿಕತೆ, ಕೆಳಗೆ ಕೋಸ್ಟರ್ ಇರಬೇಕು. ನಾನು ಅದನ್ನು ಮನೆಗೆ ತಂದು ಅವ್ವನ ತಲೆ ತಿಂದಿದ್ದೆ. ಅವ್ವ ಒಲೆಯಿಂದ ಇಳಿಸಿದ ಯಾವ ಪಾತ್ರೆಯನ್ನೂ ನೆಲಕ್ಕೆ ತಾಗಿಸದಂತೆ, ಆ ಕಡೆ ಹಳೇ ಪೇಪರು, ಈ ಕಡೆ ಚಿಂದಿ ಎಂದು ಹುಡುಕುತ್ತ, ಮಗಳ ಇಂಗ್ಲಿಷ್ ಪದ್ಧತಿಗೆ ಒಗ್ಗಿಕೊಳ್ಳುತ್ತಿದ್ದಳು. ಅವತ್ತು ಮನೆಗೆ ಫ್ರಾಕು ತೊಟ್ಟ ಅತಿಥಿ ಬೇರೆ. ಅವ್ವ ಕುದಿಯುವ ಚಹಾದ ಹಿತ್ತಾಳೆ ಚರಿಗೆಯನ್ನು ಇಕ್ಕಳದಲ್ಲಿ ಹಿಡಿದು ತಂದಳು, ಟೇಬಲ್ಲು ನೋಡಿದಳು, ದುಂಡಗೆ ಕರ್ರಗೆ ಹೊಳೆಯುವ, ನಟ್ಟನಡುವೆ ಬಣ್ಣದ ಕಾಗದ ಹಚ್ಚಿದ ಒಂದು ಕೋಸ್ಟರ್ ನೋಡಿದಳು, ಚರಿಗೆಯನ್ನು ಬಹಳ ನಾಜೂಕಾಗಿ ಸರಿಯಾಗಿ ನಡುವೆ ಇಟ್ಟಳು. ನಮ್ಮ ಕಡೆ ತಿರುಗಿ ನಕ್ಕಳು ಕೂಡ.

“ನೀನ ಹೇಳಿದ್ದೆಲ್ಲವಾ, ಬಿಸೀದರ ಬುಡಕ ಏನರ ಇಡಬೇಕಂತ,” ಎಂದು ಆಮೇಲೆ ಎಷ್ಟೋ ವರ್ಷ ಅವ್ವ ಹೇಳುತ್ತಿದ್ದಳು. ಸಾಯುವ ಹಿಂದಿನ ವರ್ಷವೂ ಹೇಳಿದಳು. ಅವಳಿಗೆ ಆ ಹುಡುಗಿಯ ಸಾಮಾನು ಕೆಡಿಸಿದ ಕಳವಳ ಕೊನೆಯವರೆಗೂ ಹೋಗಲಿಲ್ಲ. ಡೋರೀನ್ ಮಾತ್ರ ಅವತ್ತು ಅವ್ವನ ಮುಖ ನೋಡಿ, ರೈಲ್ವೆ ಕ್ವಾರ್ಟರ್ಸಿನ ಪಕ್ಕಾ ಕನ್ನಡದಲ್ಲಿ, “ಅವ್ವಾರ, ಏನೂ ಆಗಿಲ್ಲ ಬಿಡ್ರಿ, ಚಹಾ ಹಾಕ್ರಿ,” ಎಂದು ಎರಡು ಕಪ್ಪು ಕುಡಿದಳು. ಎಟಿಕೆಟ್ ಎಂದರೆ ಅದು ಎಂದು ನನಗೆ ಆಮೇಲೆ ಹೊಳೆಯಿತು. ಪರೀಕ್ಷೆಯಲ್ಲಿ ಅವಳಿಗೆ ನನಗಿಂತ ಕಡಿಮೆ ಮಾರ್ಕ್ಸ್ ಬಂದಿತ್ತು.

ರೆಕಾರ್ಡು ಸತ್ತಿರಲಿಲ್ಲ. ಮುಳ್ಳು ಆರು, ಏಳು, ಎಂಟು, ಒಂಬತ್ತನ್ನು ಚೆನ್ನಾಗಿಯೇ ಹಾಡಿತು. ಒಂಬತ್ತನೆಯದರಲ್ಲಿ ಹುಡುಗಿ ಅದೇ ಟ್ರಂಕ್ ಹಿಡಿದು ಅಪ್ಪನ ಮನೆಯ ಬಾಗಿಲ ಮುಂದೆ ನಿಂತಿದ್ದಾಳೆ. ಬಡಿಯಲು ಕೈ ಎತ್ತಿದ್ದಾಳೆ. ಮುಗಿಯಿತು. ಆಮೇಲೆ ಮುಳ್ಳು ಕರಗಿದ ಉಂಗುರಕ್ಕೆ ಬಂದು, ಸೊರ್ ಎಂದು ಜಾರಿ, ಲೇಬಲಿಗೆ ಬಡಿದು ನಿಂತಿತು. ಕವರಿನ ಮೇಲೆ ಸಾಹಿತ್ಯ ಅಚ್ಚಾಗಿರಲಿಲ್ಲ, ಹೆಸರುಗಳಷ್ಟೇ. ಕೊನೆಯದಕ್ಕೆ ಹೆಸರೂ ಇಲ್ಲ, ಬರೀ ನಂಬರು: ಟೆನ್.

ಆಕೆ ಬಾಗಿಲು ಬಡಿದಳೋ ಇಲ್ಲವೋ? ಎರಡು ವರ್ಷ ನಾವು ಇದೊಂದೇ ವಿಷಯಕ್ಕೆ ಜಗಳವಾಡಿದೆವು. ಬಡಿಯುತ್ತಾಳೆ, ಅಪ್ಪ ತೆಗೆಯುತ್ತಾನೆ, ಒಳಗೆ ಹೋಗುತ್ತಾಳೆ ಎಂದು ನಾನು. ಇಲ್ಲ, ತಿರುಗಿ ಸ್ಟೇಷನ್ನಿಗೆ ಹೋಗುತ್ತಾಳೆ, ಅಷ್ಟು ದೂರ ನಡೆದ ಕಾಲು ಒಳಗೆ ಕೂರುವುದಿಲ್ಲ ಎಂದು ಡೋರೀನ್. ನೀಡ್ಲ್‌ವರ್ಕ್ ಕ್ಲಾಸಿನಲ್ಲಿ ನಾನು ದಿಂಬಿನ ಕವರಿಗೆ ಬ್ಯಾಂಡಿನ ಹೆಸರು ಕಸೂತಿ ಹಾಕಿ, ಸಿಸ್ಟರ್ ಕೇಳಿದಾಗ ಅದೊಬ್ಬ ಸಂತನ ಹೆಸರೆಂದು ಹೇಳಿದ್ದೆ. ಅಷ್ಟರ ಮಟ್ಟಿನ ಫ್ಯಾನ್ ನಾನು. ಆದರೂ ಆ ಸಂತರ ಕೊನೆಯ ಮಾತೇನೆಂದು ನನಗೆ ಗೊತ್ತಿರಲಿಲ್ಲ.

ಡೋರೀನ್‌ಳ ಮನೆಯವರು ಆಸ್ಟ್ರೇಲಿಯಾಕ್ಕೆ ಹೊರಟುಬಿಟ್ಟರು. ತಿರುಗಿ ಹೋಗುತ್ತಾಳೆ ಎಂದು ವಾದಿಸಿದವಳಿಗೇ ಹೋಗಲು ಮನಸ್ಸಿರಲಿಲ್ಲ, ಅದು ಬೇರೆ ಮಾತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೆಕಾರ್ಡನ್ನು ನನ್ನ ಕೈಗೆ ಕೊಟ್ಟು, ಹತ್ತನ್ನು ನೀನೊಬ್ಬಳೇ ಕೇಳಬೇಡ, ನಾನೂ ಕೇಳುವುದಿಲ್ಲ, ಇಬ್ಬರೂ ಕೂಡಿಯೇ ಕೇಳೋಣ ಎಂದಳು. ಪ್ರಾಮಿಸ್ ಎಂದೆ. ಕಾನ್ವೆಂಟಿನಲ್ಲಿ ಪ್ರಾಮಿಸ್ ಎಂದರೆ ಆಣೆಗಿಂತ ಒಂದು ತೂಕ ಹೆಚ್ಚು.

ಪ್ರತಿ ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತಿತ್ತು. ಮದುವೆ, ಮಕ್ಕಳು, ಹಲ್ಲುನೋವು ಎಲ್ಲ ಬರೆದು, ಕೆಳಗೆ ಕೊನೆಗೆ ಎರಡೇ ಪದ: ಸ್ಟಿಲ್ ನೈನ್. ನಾನೂ ಉತ್ತರದಲ್ಲಿ ನೈನ್ ಹಿಯರ್ ಟೂ ಎಂದು ಬರೆಯುತ್ತಿದ್ದೆ. ನನ್ನ ಯಜಮಾನರು ಒಮ್ಮೆ ಅದನ್ನು ನೋಡಿ, ಒಂಬತ್ತು ಏನು, ಚಪ್ಪಲಿ ಅಳತೆಯೇ ಎಂದು ಕೇಳಿದ್ದರು. ಹನ್ನೊಂದು ಕಾರ್ಡು ಬಂದವು. ಹನ್ನೆರಡನೆಯದು ಬರಲಿಲ್ಲ. ನಾನು ಬರೆದದ್ದು ಮರುವರ್ಷ ತಿರುಗಿ ಬಂತು, ಆ ವಿಳಾಸದಲ್ಲಿ ಅಂಥವರಿಲ್ಲ ಎಂಬ ಮುದ್ರೆಯೊಂದಿಗೆ. ಇದ್ದಾಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮಗಳು ಫೋನಿನಲ್ಲಿ ಡೋರೀನ್‌ಳನ್ನು ಹುಡುಕಿದಳು, ಸಿಗಲಿಲ್ಲ. ಅದೇ ಫೋನಿನಲ್ಲಿ ಹತ್ತನೆಯ ಹಾಡು ಮಾತ್ರ ಅರೆಗಳಿಗೆಯಲ್ಲಿ ಸಿಕ್ಕಿತು. ಒತ್ತಲೇನಮ್ಮ ಎಂದಳು. ಬೇಡ ಎಂದೆ. ಹಟಕ್ಕಲ್ಲ. ಅದನ್ನು ಒಬ್ಬಳೇ ಕೇಳಿಬಿಟ್ಟರೆ ಡೋರೀನ್ ಇಲ್ಲವೆಂದು ನಾನೇ ಸಹಿ ಹಾಕಿದಂತೆ.

ಭರಣಿಯ ಪ್ರಕರಣ ನಡೆದ ಅದೇ ವಾರ ಪೇಪರಿನೊಳಗೆ ಒಂದು ಹ್ಯಾಂಡ್‌ಬಿಲ್ ಬಂತು. ಧಾರವಾಡದ ಕಾಲೇಜು ಹುಡುಗರ ತಂಡವೊಂದು ಸಂಗೀತ ನಾಟಕ ಆಡುತ್ತಿದೆ. ಮೂಲ, ಕೆಳಗೆ ಸಣ್ಣ ಅಕ್ಷರದಲ್ಲಿ, ನನ್ನ ಆ ರೆಕಾರ್ಡು! ಕನ್ನಡಕ ಒರೆಸಿ ಎರಡು ಸಲ ಓದಿದೆ. ಕನ್ನಡದಲ್ಲಿ ರಾಕ್ ಹೇಗೆ ಹಾಡುತ್ತಾರೆ? ಆ ಹುಡುಗಿಗೆ ಏನು ಹೆಸರಿಟ್ಟಿದ್ದಾರೆ? ಅವಳ ಟ್ರಂಕ್ ಯಾವ ಬಣ್ಣ? ನನ್ನ ತಲೆಯಲ್ಲಿ ಅದು ಐವತ್ತು ವರ್ಷದಿಂದ ಹಸಿರು. ಒಂಬತ್ತನೆಯ ಹಾಡಿನ ತನಕ ನೋಡಿ ಎದ್ದು ಬಂದರಾಯಿತು ಎಂದು ಲೆಕ್ಕ ಹಾಕಿದೆ. ಹ್ಯಾಂಡ್‌ಬಿಲ್ಲಿನಲ್ಲಿ ಹಾರ್ಮೋನಿಯಂ ಎಂಬ ಪದ ಕಂಡದ್ದೇ ಗಂಗಕ್ಕ, ತಾನೂ ಬರುವುದಾಗಿ ಹೇಳಿ ಮಧ್ಯಾಹ್ನವೇ ಸೀರೆ ಉಟ್ಟು ಕೂತಳು.

ಗಂಗಕ್ಕ ಕಂಪನಿ ನಾಟಕಗಳ ಭಕ್ತೆ. ಅವಳ ತಂದೆ, ಅಂದರೆ ನಮ್ಮ ಮಾವನವರು, ಸುಗ್ಗಿ ಮುಗಿದ ಮೇಲೆ ಬಂಡಿ ಕಟ್ಟಿಕೊಂಡು ಮಕ್ಕಳನ್ನೆಲ್ಲ ನಾಟಕಕ್ಕೆ ಕರೆದೊಯ್ಯುತ್ತಿದ್ದರಂತೆ. ಅಲ್ಲಿ ಹಾಡು ಮನಸ್ಸಿಗೆ ಬಂದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ಕೂಗಿದರೆ ನಟರು ಮತ್ತೆ ಹಾಡಲೇಬೇಕು. ಒಮ್ಮೆ ಯುದ್ಧದಲ್ಲಿ ಸತ್ತುಬಿದ್ದ ರಾಜ ಎದ್ದು ಬಂದು, ಧೂಳು ಕೊಡವಿ, ಪ್ರಾಣ ಬಿಡುವ ಹಾಡನ್ನು ಮೂರು ಸಲ ಹಾಡಿ ಮೂರು ಸಲ ಸತ್ತನಂತೆ. ಮೂರನೆಯ ಸಲದ ಸಾವು ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು ಗಂಗಕ್ಕ ಈಗಲೂ ಹೇಳುತ್ತಾಳೆ. ನನಗೆ ಕಲಿಸಿದ್ದು ಬೇರೆ. ಪ್ರೇಕ್ಷಾಗೃಹದಲ್ಲಿ ದನಿ ಎತ್ತುವವಳು ಲೇಡಿ ಅಲ್ಲ. ಚಪ್ಪಾಳೆಯೂ ಬೆರಳ ತುದಿಯಿಂದ.

ಧಾರವಾಡದಲ್ಲಿ ಸಂಜೆ ಆರೂವರೆಗೆ ಪರದೆ ಎದ್ದಿತು. ಒಂದು ಮೂಲೆಯಲ್ಲಿ ಡ್ರಮ್ ಸೆಟ್ಟು, ಅದರ ಪಕ್ಕ ಹೋಳಿ ಹಬ್ಬದಲ್ಲಿ ಬಾರಿಸುವ ಹಲಗೆ, ಇನ್ನೊಂದು ಮೂಲೆಯಲ್ಲಿ ಗಿಟಾರು, ನಡುವೆ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ. ಹಾರ್ಮೋನಿಯಂ ಬಾರಿಸುತ್ತಿದ್ದ ಮೂವತ್ತರ ಯುವಕನೇ ನಿರ್ದೇಶಕ, ಅವನ ತಂದೆ ಕಂಪನಿ ನಾಟಕದ ಪೇಟಿ ಮಾಸ್ತರರಾಗಿದ್ದರೆಂದು ಮೊದಲೇ ಹೇಳಿಕೊಂಡ. ನನ್ನ ಹುಡುಗಿ ಇಳಕಲ್ ಸೀರೆ ಉಟ್ಟು ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಳು. ಆನೆಸ್ಟ್ಲಿ, ನನಗೆ ಮೊದಲು ಸಿಟ್ಟು ಬಂತು. ಮೊದಲ ಹಾಡಿನ ಗಿಟಾರನ್ನು ಪೇಟಿಯಲ್ಲಿ ಎತ್ತಿಕೊಂಡಾಗ ಇನ್ನೂ ಬಂತು. ಆದರೆ ಕಾಲು ನನ್ನ ಮಾತು ಕೇಳದೆ ಕುರ್ಚಿಯ ಕೆಳಗೆ ತಾಳ ಹಾಕತೊಡಗಿತು. ಟ್ರಂಕ್ ನೀಲಿ ಬಣ್ಣದ್ದು. ಕ್ಷಮಿಸಿಬಿಟ್ಟೆ.

ಮೂರನೆಯ ಹಾಡಿನಲ್ಲಿ ಅವಳು ಮನೆ ಬಿಡುತ್ತಾಳೆ. 

ಇಟ್ಟ ಹೆಜ್ಜಿ ನಂದು, ಬಿಟ್ಟ ಹೊಸ್ತಲ ನಿಂದು,
ಹಿಂದ ನೋಡಿದ್ರ ಕೇಳಪ್ಪ, ನಾ ನಿನ್ನ ಮಗಳಲ್ಲ

ಎಂದು ಹಾಡಿ, ಹಲಗೆ ಮತ್ತು ಡ್ರಮ್ಮು ಒಂದರ ಮೇಲೊಂದು ಬೀಳುತ್ತಿರುವಾಗ ಟ್ರಂಕ್ ಎತ್ತಿಕೊಂಡು ಪರದೆಯ ಹಿಂದೆ ಹೋದಳು. ಚಪ್ಪಾಳೆ. ಅಷ್ಟರಲ್ಲಿ ನನ್ನ ಪಕ್ಕದಿಂದಲೇ “ಒನ್ಸ್ ಮೋರ್” ಎಂಬ ಗರ್ಜನೆ. ಗಂಗಕ್ಕ. ಹಿಂದಿನ ಸಾಲುಗಳಲ್ಲಿದ್ದ ಹಿರಿಯರೆಲ್ಲ ಸೇರಿಕೊಂಡರು. ನಾನು ಕುರ್ಚಿಯಲ್ಲಿ ಆದಷ್ಟು ಕೆಳಗೆ ಜಾರಿದೆ. ಡ್ರಮ್ ಹುಡುಗ ಗಾಬರಿಯಾಗಿ ಆ ಕಡೆ ಈ ಕಡೆ ನೋಡಿದ. ಪೇಟಿಯವನಿಗೆ ಮಾತ್ರ ರಕ್ತದಲ್ಲೇ ಗೊತ್ತಿತ್ತು. ನಕ್ಕು, ತಲೆಬಾಗಿ, ಮೊದಲ ಸ್ವರ ಹಿಡಿದ. ಊರು ಬಿಟ್ಟ ಹುಡುಗಿ ಟ್ರಂಕ್ ಸಮೇತ ತಿರುಗಿ ಬಂದು, ಅಪ್ಪನೊಂದಿಗೆ ಇನ್ನೊಮ್ಮೆ ಜಗಳವಾಡಿ, ಇನ್ನೊಮ್ಮೆ ಊರು ಬಿಟ್ಟಳು.

ಇಂಟರ್ವಲ್ಲಿನಲ್ಲಿ ಚಹಾ ಕುಡಿಯುತ್ತ ನಾನು ಗಂಗಕ್ಕನಿಗೆ, ಕೊನೆಯ ಹಾಡಿಗೆ ಮೊದಲು ಹೊರಡೋಣ, ಬಸ್ಸು ಸಿಗುವುದಿಲ್ಲ ಎಂದೆ. ಬಸ್ಸು ಎಷ್ಟು ಹೊತ್ತಿಗೂ ಇವೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಭರಣಿ, ಚರಿಗೆ, ಡೋರೀನ್, ಬಾಗಿಲಿನ ಜಗಳ, ಸ್ಟಿಲ್ ನೈನ್ ಎಲ್ಲವನ್ನೂ ಮೊದಲ ಸಲ ಮನೆಯವರೊಬ್ಬರಿಗೆ ಪೂರ್ತಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

“ಹಬ್ಬದಾಗ ಊರಾಗಿಲ್ಲದವರ ಪಾಲಿನ ಹೋಳಗಿ ತಗದ ಇಡ್ತೇವಿಲ್ಲರಿ ವೈನಿ? ಅವರು ಬರಲಿಲ್ಲಂತ ನಾವು ಉಪವಾಸ ಕುಂದರ್ತೇವೇನು?”

ಹೋಳಿಗೆಯನ್ನು ಡಬ್ಬಿಯಲ್ಲಿ ಮುಚ್ಚಿಡಬಹುದು, ಹಾಡನ್ನು ಎಲ್ಲಿ ತೆಗೆದಿಡುವುದು ಎಂದು ನಾನು ಕೇಳಿದೆ. ಅದು ತನಗೆ ಗೊತ್ತಿಲ್ಲ, ಇಂಗ್ಲಿಷ್ ಕಲಿತವರು ನೀವು ಎಂದು ಗಂಗಕ್ಕ ಲೋಟ ಇಟ್ಟು ಒಳಗೆ ನಡೆದಳು.

ಒಂಬತ್ತನೆಯ ಹಾಡು ಬಂತು. ರಂಗದ ನಡುವೆ ಬರೀ ಒಂದು ಬಾಗಿಲು. ಹುಡುಗಿ ಅದರ ಮುಂದೆ ನಿಂತು ಹಾಡಿದಳು. ಒಂದೊಂದು ತಿರುವೂ ನನಗೆ ಗೊತ್ತು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಡ್ರಮ್ಮು ನಿಂತು ಅವಳ ದನಿ ಒಂದೇ ಉಳಿಯುತ್ತದೆ, ಎಲ್ಲ. ಅವಳು ಕೈ ಎತ್ತಿದಳು. ಸದ್ದು ನಿಂತಿತು. ನನ್ನ ಕಿವಿ ಆ ಸೊರ್ ಎಂಬ ಸದ್ದಿಗೆ ಕಾಯಿತು, ಬರಲಿಲ್ಲ. ನಾನು ಬ್ಯಾಗು ಹಿಡಿದು ಎದ್ದೆ. ಗಂಗಕ್ಕ ಹಿಂದಿನಿಂದ ಸೆರಗು ಜಗ್ಗಿದಳು.

“ಮಂಗಳ ಆಗೂ ಮಟಾ ಏಳಬಾರದ್ರಿ. ಬಣ್ಣ ಹಚ್ಚಿದವರಿಗೆ ಛಲೋ ಆಗೂದಿಲ್ಲ.”

ನಾನು ಬಿಡು ಎಂದು ಪಿಸುಗುಟ್ಟಿದೆ. ಅವಳು ಸೆರಗನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಕೂರಲೂ ಇಲ್ಲ, ನಿಲ್ಲಲೂ ಇಲ್ಲ, ಸೊಂಟ ಅರ್ಧ ಬಗ್ಗಿ, ಬ್ಯಾಗು ಎದೆಗವಚಿಕೊಂಡ ಆ ಭಂಗಿಯಲ್ಲಿ ನಾನಿರುವಾಗಲೇ ಹತ್ತನೆಯ ಹಾಡು ಶುರುವಾಗಿಬಿಟ್ಟಿತು.

ಅದಕ್ಕೆ ಮಾತುಗಳೇ ಇಲ್ಲ.

ಪೇಟಿ ಒಂದು ಸ್ವರ ಹಿಡಿಯಿತು, ಬಹಳ ಹೊತ್ತು. ಅದರ ಕೆಳಗೆ ಗಿಟಾರು ಮೆಲ್ಲಗೆ ಬಂದು ಸೇರಿತು. ಈಗ ಹಾಡುತ್ತಾಳೆ, ಈಗ ಹಾಡುತ್ತಾಳೆ ಎಂದು ನಾನು ಕಾದೆ. ಅವಳು ಬಾಯಿ ತೆರೆಯಲಿಲ್ಲ. ಐವತ್ತು ವರ್ಷ ನಾನು ಆ ಹಾಡಿಗೆ ಎಷ್ಟು ಸಾಲು ಹೊಸೆದಿದ್ದೆ, ಸ್ನಾನದ ಮನೆಯಲ್ಲಿ, ಪರೀಕ್ಷೆಯ ಪೇಪರು ತಿದ್ದುವಾಗ, ಹೆರಿಗೆಯ ವಾರ್ಡಿನಲ್ಲಿ. ಒಂದೂ ಬೇಕಾಗಿರಲಿಲ್ಲ. ಬಾಗಿಲು ಒಳಗಿನಿಂದ ತೆರೆಯಿತು. ಯಾರು ತೆರೆದರೆಂದು ಕಾಣಲಿಲ್ಲ, ಬೆಳಕು ಮಾತ್ರ ಕಂಡಿತು. ಹುಡುಗಿ ಟ್ರಂಕ್ ಎತ್ತಿಕೊಂಡು ಹೊಸ್ತಿಲು ದಾಟಿದಳು. ಬಾಗಿಲು ಮುಚ್ಚಿತು. ದೀಪ ಆರಿತು.

ನಾನು ಗೆದ್ದಿದ್ದೆ. ನಾನು ಹೇಳಿದ ಹಾಗೆಯೇ ಆಗಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಜಗಳ ಗೆದ್ದವಳು ತಿರುಗಿ ನೋಡಿದರೆ ಎದುರಿಗೆ ಸೋತವಳು ಇರಬೇಕಲ್ಲ. ಪ್ರಾಮಿಸ್ ಮುರಿದಾಗಿತ್ತು. ನನ್ನ ಪಾಲನ್ನು ನಾನು ತಿಂದು ಮುಗಿಸಿದ್ದೆ. ಡೋರೀನ್‌ಳ ಪಾಲು?

“ಒನ್ಸ್ ಮೋರ್.”

ಮೊದಲು ಯಾರೋ ಅಂದರು ಅಂದುಕೊಂಡೆ. ಸಿಸ್ಟರ್ ಕಲಿಸಿದ ಎಲೊಕ್ಯೂಷನ್ನಿನ ಉಚ್ಚಾರ, ಒಂದೊಂದು ವ್ಯಂಜನವೂ ಸ್ಪಷ್ಟ, ಕೊನೆಯ ಸಾಲಿಗೂ ಕೇಳುವ ಹಾಗೆ. ನಾನೇ. ಗಂಗಕ್ಕ ಸೆರಗು ಬಿಟ್ಟು ನನ್ನನ್ನು ನೋಡಿದಳು. ಆಮೇಲೆ ತನ್ನ ದನಿಯನ್ನೂ ಸೇರಿಸಿದಳು. ಹಾಲ್ ಪೂರ್ತಿ ಕೂಗಿತು.

ದೀಪ ಬಂತು. ಪೇಟಿ ಮತ್ತೆ ಆ ಸ್ವರ ಹಿಡಿಯಿತು. ರಂಗದ ಮೇಲೆ ಯಾರೂ ಇಲ್ಲ, ಮುಚ್ಚಿದ ಬಾಗಿಲು ಒಂದೇ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆದು ಹುಡುಗಿ ಟ್ರಂಕ್ ಹಿಡಿದು ಹೊರಗೆ ಬಂದಳು. ಬಾಗಿಲನ್ನು ಹಿಂದೆ ಎಳೆದುಕೊಂಡಳು. ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ನೋಡಿದಳು. ಸಂಗೀತ ಇನ್ನೂ ಬಾಕಿ ಇತ್ತು. ಅವಳು ರಂಗದ ಮೆಟ್ಟಿಲಿಳಿದು, ನಮ್ಮ ನಡುವಿನ ದಾರಿಯಲ್ಲಿ ನಡೆಯುತ್ತ ಬಂದಳು. ನನ್ನ ಕುರ್ಚಿಯ ಪಕ್ಕದಲ್ಲೇ ಹಾದಳು. ಹಣೆಯ ಮೇಲೆ ಬೆವರು, ಒಂದು ಶೂವಿನ ಲೇಸು ಬಿಚ್ಚಿಕೊಂಡು ನೆಲಕ್ಕೆ ಎಳೆಯುತ್ತಿತ್ತು. ಹಿಂದಿನ ದೊಡ್ಡ ಬಾಗಿಲನ್ನು ಭುಜದಿಂದ ನೂಕಿ ಹೊರಗೆ ಹೋಗಿಬಿಟ್ಟಳು. ಗಿಟಾರು ನಿಂತಿತು. ಪೇಟಿಯೂ ನಿಂತಿತು.

ಹೊರಗೆ ಮೆಟ್ಟಿಲ ಮೇಲೆ ಅವಳು ಟ್ರಂಕಿನ ಮೇಲೆಯೇ ಕೂತು ಲೇಸು ಕಟ್ಟಿಕೊಳ್ಳುತ್ತಿದ್ದಳು. ಎರಡನೆಯ ಸಲ ಹಾಗೆ ಮಾಡಬೇಕೆಂದು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ನನಗೆ ತಿಳಿಯಲೇಬೇಕಿತ್ತು.

“ಯಾರೂ ಇಲ್ಲರಿ ಅಜ್ಜಿ. ಒಳಗ ಹೋಗಿಬಿಟ್ಟಿದ್ದೆ, ಒನ್ಸ್ ಮೋರ್ ಅಂದ್ರ ಹೊರಗ ಬರಬೇಕಾತು. ಬಂದ ಮ್ಯಾಲೆ ನೋಡಿದ್ರ ಮ್ಯೂಸಿಕ್ ಇನ್ನೂ ಐತಿ. ಮತ್ತೇನ ಮಾಡ್ಲಿ, ನಡದೆ.”

ಹುಬ್ಬಳ್ಳಿಯ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಗಂಗಕ್ಕ ಆ ಮಾತಿಲ್ಲದ ಹಾಡನ್ನು ತನ್ನ ಕಂಪನಿ ನಾಟಕದ ಆಲಾಪ ಸೇರಿಸಿ ಗುನುಗುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು. ನವಲೂರು ದಾಟಿದ ಮೇಲೆ ಗುನುಗುವುದನ್ನು ನಿಲ್ಲಿಸಿ, ಆ ಗೆಳತಿಯ ಹೆಸರು ಏನೆಂದಿರಿ ಎಂದು ಕೇಳಿದಳು. ಡೋರೀನ್ ಎಂದೆ.

“ಖರೇ ಹೇಳಬೇಕಂದ್ರ ವೈನಿ, ನೀವು ಹೇಳಿದ ಕೊನಿಗಿಂತ ಆಕೀದ ಛಲೋ ಇತ್ತು.”

ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಒಪ್ಪಿಕೊಳ್ಳಲಿಲ್ಲ. ಡೋರೀನ್‌ಳ ಎದುರಿಗೇ ಒಪ್ಪಿಕೊಳ್ಳದವಳು ಗಂಗಕ್ಕನ ಎದುರಿಗೆ ಹೇಗೆ ಒಪ್ಪಿಕೊಳ್ಳಲಿ? ಮನೆಗೆ ಹೋಗುವ ತನಕವೂ ಜಗಳವಾಡಿದೆ.